ಕ್ರಾಫ್ಟ್ ಟೀಚರ್ ಕಳಿಸಿದ ಡಬ್ಬಿ

ಆ ಭಾನುವಾರ ಬೆಳಿಗ್ಗೆ ನಳ ಬಂತು. ನಮ್ಮ ಓಣಿಗೆ ನೀರು ಯಾವ ದಿನ ಬರುತ್ತದೆ ಎಂದು ಹೇಳಬಲ್ಲವರು ಕೊಪ್ಪಳದಲ್ಲಿ ಯಾರೂ ಇಲ್ಲ. ಆದ್ದರಿಂದ ಬಂದಾಗ ಉಳಿದದ್ದನ್ನೆಲ್ಲ ಬಿಟ್ಟು ಕೊಡ ಹಿಡಿಯಬೇಕು. ಕೊಡ, ಬಕೆಟ್ಟು, ನೀಲಿ ಡ್ರಮ್ಮು ಎಲ್ಲ ತುಂಬಿದ ಮೇಲೆ ಹಾಲು ತರಲು ಹೋದೆ. ವಾಪಸು ಬರುವಾಗ ಮೂಲೆಯ ಮನೆಯ ಎಮ್ಮೆ ದಾರಿಯಲ್ಲೇ ಹಾಕಿದ್ದ ಸಗಣಿಯ ಮೇಲೆ ಕಾಲಿಟ್ಟೆ. ನೀರು ಇನ್ನೂ ಬರುತ್ತಿದ್ದುದರಿಂದ ಚಪ್ಪಲಿಗಳನ್ನು ಅಲ್ಲೇ ನಳದ ಕೆಳಗೆ ಹಿಡಿದು ತಿಕ್ಕಿ ತೊಳೆದು, ಮಾಳಿಗೆಗೆ ಒಯ್ದು ಗೋಡೆಯ ಮೇಲೆ ಬಿಸಿಲಿಗೆ ಬೋರಲು ಹಾಕಿ ಬಂದೆ. ಅತ್ತೆಯವರಿಗೆ ಬಿಸಿನೀರು ಕೊಟ್ಟೆ. ರೊಟ್ಟಿ ಬಡಿದೆ. ಮಗಳು ಎದ್ದಿರಲಿಲ್ಲ, ಯಜಮಾನರು ಪೇಪರಿನ ಹಿಂದೆ ಇದ್ದರು.

ಹಾಲು ಕಾಯಿಸಿ ಆರಿಸಿ ಹೊರಗೇ ಇಟ್ಟೆ. ಬೆಳಿಗ್ಗೆಯಿಂದ ನಾನು ಫ್ರಿಜ್ಜಿನ ಬಾಗಿಲು ತೆರೆದಿರಲಿಲ್ಲ.

ಒಳಗೆ ನಡುವಿನ ಹಲಗೆಯ ಮೇಲೆ ಒಂದು ಉದ್ದನೆಯ ತಗಡಿನ ಡಬ್ಬಿ ಇತ್ತು. ಮೊಳಕ್ಕಿಂತ ತುಸು ಕಡಿಮೆ ಉದ್ದ, ಒಂದು ಗೇಣೂ ಇಲ್ಲದ ಅಗಲ. ಮುಚ್ಚಳದ ಮೇಲಿನ ಚಿತ್ರ ಸವೆದು ಹೋಗಿ, ಕುದುರೆಯೋ ನಾಯಿಯೋ ತಿಳಿಯದ ಒಂದು ಪ್ರಾಣಿಯ ಎರಡು ಕಾಲು ಮಾತ್ರ ಉಳಿದಿದ್ದವು. ಕುಷ್ಟಗಿಯಿಂದ ಬರುವ ಬಸ್ಸಿನ ಕಂಡಕ್ಟರ ಕೈಯಲ್ಲಿ ಅದು ಶುಕ್ರವಾರ ಬಂದಿತ್ತು. ಕಳಿಸಿದವರು ನಮ್ಮ ಕ್ರಾಫ್ಟ್ ಟೀಚರ ತಂಗಿಯ ಮಗಳು. ಫೋನಿನಲ್ಲಿ ಆಕೆ ಹೇಳಿದ್ದು ಇಷ್ಟೇ: “ದೊಡ್ಡವ್ವ ಮಂಗಳವಾರ ಹೋದ್ಲುರಿ. ಮಣ್ಣೂ ಆತು. ಈ ಡಬ್ಬಿ ನಿಮಗ ಮುಟ್ಟಿಸಬೇಕು ಅಂತ ಹದಿನೈದು ದಿನದ ಹಿಂದ ಹೇಳಿ ಇಟ್ಟಿದ್ಲು. ಖಾಲಿ ಡಬ್ಬಿ ಐತಿ ನೋಡ್ರಿ, ಏನೂ ಇಲ್ಲ ಅದರಾಗ.”

ಬಂದಾಗ ಅದರಲ್ಲಿ ಏನೂ ಇರಲಿಲ್ಲ, ನಿಜ. ಮುಚ್ಚಳ ತೆಗೆದಾಗ ಮಾತ್ರ ಕೋಕೋ ಪುಡಿಯ ವಾಸನೆ ಬಂತು. ಆ ಡಬ್ಬಿ ಖಾಲಿಯಾಗಿ ಮೂವತ್ತು ವರ್ಷದ ಹತ್ತಿರ ಹತ್ತಿರ ಆಗಿತ್ತು ಎಂದು ನನಗೆ ಗೊತ್ತಿತ್ತು. ಅದು ಖಾಲಿಯಾದ ದಿನ ನಾನು ಅಲ್ಲೇ ಕುಳಿತಿದ್ದೆ.

ನಮ್ಮ ಕಾನ್ವೆಂಟಿನಲ್ಲಿ ಆಕೆ ಸಿಸ್ಟರೂ ಅಲ್ಲ, ಪೂರ್ತಿ ಟೀಚರೂ ಅಲ್ಲ. ಹೊಲಿಗೆ, ಕಸೂತಿ, ಕಾಗದದ ಹೂವು, ಸ್ವಲ್ಪ ಅಡುಗೆ ಕಲಿಸುತ್ತಿದ್ದರು. ಶಾಲೆಯ ವಾರ್ಷಿಕ ಫೋಟೋದಲ್ಲಿ ಕುರ್ಚಿಗಳ ಸಾಲಿನಲ್ಲಿ ಅವರು ಇರುತ್ತಿರಲಿಲ್ಲ. ಹಿಂದೆ, ಎತ್ತರದ ಹುಡುಗಿಯರ ಪಕ್ಕದಲ್ಲಿ ನಿಂತಿರುತ್ತಿದ್ದರು. ತೆಳು ಹಸಿರು ಅಂಚಿನ ಬಿಳಿ ಸೀರೆ. ಎಡ ಭುಜದ ಮೇಲೆ ಸೀರೆಗೆ ಚುಚ್ಚಿದ ಮೂರು ಸೂಜಿ, ಒಂದೊಂದರಲ್ಲೂ ಒಂದೊಂದು ಬಣ್ಣದ ದಾರ. ಹತ್ತಿರ ಬಂದರೆ ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ.

ಯಾವ ಬಟ್ಟೆ ಕೊಟ್ಟರೂ ಮೊದಲು ಹಿಂದುಮುಂದು ಮಾಡಿ ಒಳಮಗ್ಗುಲು ನೋಡುವರು. ನಾವು ವಾರಗಟ್ಟಲೆ ಕೂತು ಹಾಕಿದ ಗೋಪುರ, ನವಿಲು, ತೇರು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. “ಮುಂದಿನ ಮಗ್ಗಲಾ ಎಲ್ಲಾರೂ ತೋರಸ್ತಾರ,” ಎನ್ನುವರು. “ಗಂಟು ಎಲ್ಲಿ ಹಾಕೀ ತೋರಸ ನನಗ.” ಹೆಸರು ಬರೆಯದೆ ಕೊಟ್ಟ ಬಟ್ಟೆಗಳ ರಾಶಿಯನ್ನು ಬೆರಳಿನಿಂದ ಸವರುತ್ತಾ, ಇದು ಯಲಬುರ್ಗಾದಾಕಿದು, ಇದು ಮರಳಿಯಾಕಿದು, ಎಂದು ವಿಂಗಡಿಸುತ್ತಿದ್ದರು. ಯಲಬುರ್ಗಾದಾಕಿ ಎಂದರೆ ನಾನು. ಮರಳಿಯಾಕಿ ಎಂದರೆ ನನ್ನ ಪಕ್ಕದ ಹಾಸಿಗೆಯ ಶಾಂತಾ. ನಾವಿಬ್ಬರೂ ಹಾಸ್ಟೆಲಿನವರು, ಹತ್ತನೆಯ ಇಯತ್ತೆ.

ವರ್ಷಕ್ಕೊಮ್ಮೆ, ಕ್ರಿಸ್‌ಮಸ್ ರಜೆಗೆ ಮುಂಚಿನ ಶನಿವಾರ, ಅವರು ಹಾಸ್ಟೆಲ್ಲಿನ ಹುಡುಗಿಯರಿಗೆ ಒಂದು ಬಿಲಾಯತಿ ಸಿಹಿ ಮಾಡಿಸುತ್ತಿದ್ದರು. ಸಣ್ಣ ವಯಸ್ಸಿನಲ್ಲಿ ಅವರು ಕಾನ್ವೆಂಟಿನ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಾಗ ಇಂಗ್ಲೆಂಡಿನ ಒಬ್ಬ ವಯಸ್ಸಾದ ಸಿಸ್ಟರ್ ಕಲಿಸಿದ್ದಂತೆ. ಆ ಸಿಸ್ಟರ್ ಅದಕ್ಕೆ ಟಿಫಿನ್ ಎನ್ನುತ್ತಿದ್ದರಂತೆ. ನಮಗೆ ಟಿಫಿನ್ ಎಂದರೆ ಸೂಸಲಾ, ಮಿರ್ಚಿ. ಹಾಗಾಗಿ ನಾವು ಬಿಸ್ಕಿಟ್ ಕೇಕು ಎಂದೇ ಕರೆಯುತ್ತಿದ್ದೆವು. ಒಲೆಯೊಳಗಿಟ್ಟು ಬೇಯಿಸುವ ಕೆಲಸ ಅದಕ್ಕಿಲ್ಲ. ಬಿಸಿನೀರಿನ ಪಾತ್ರೆಯ ಮೇಲೆ ಬೋಗುಣಿ ಇಟ್ಟು ಬೆಣ್ಣೆ, ಕೋಕೋ, ಸಕ್ಕರೆ ಕರಗಿಸಬೇಕು. ಸಿಸ್ಟರ ಊರಿನಿಂದ ಬರುತ್ತಿದ್ದ ಯಾವುದೋ ಪಾಕದ ಬದಲಿಗೆ ಟೀಚರ್ ಬೆಲ್ಲದ ಪಾಕ ಹಾಕುತ್ತಿದ್ದರು. ಚಹಾ ಬಿಸ್ಕಿಟುಗಳನ್ನು ಕೈಯಿಂದಲೇ ಮುರಿಯಬೇಕು. ಲಟ್ಟಣಿಗೆಯಿಂದ ಕುಟ್ಟಿದರೆ ಬೈಗುಳ. “ಹಿಟ್ಟ ಮಾಡಬ್ಯಾಡ್ರವಾ, ಬಾಯಾಗ ಕಟುಕ್ ಅನ್ನಬೇಕು.” ಒಣದ್ರಾಕ್ಷಿ, ಹುರಿದ ಶೇಂಗಾ ಸೇರಿಸಿ, ಎಣ್ಣೆ ಕಾಗದ ಹಾಸಿದ ಆ ಉದ್ದ ಡಬ್ಬಿಗೆ ತುಂಬಿ, ಅಂಗೈಯಿಂದ ಒತ್ತಿ, ಮೇಲೆ ಕರಗಿದ ಚಾಕಲೇಟು ಸುರಿದು ಮುಚ್ಚಳ ಹಾಕುವರು. ಹಾಸ್ಟೆಲ್ಲಿನಲ್ಲಿ ಫ್ರಿಜ್ ಇರಲಿಲ್ಲ. ನೀರಿನ ಹರವಿಗಳ ಕೆಳಗೆ ಸದಾ ಒದ್ದೆ ಇರುವ ಉಸುಕಿನಲ್ಲಿ ಗುಣಿ ತೋಡಿ ಡಬ್ಬಿಯನ್ನು ಹೂಳುತ್ತಿದ್ದರು. ಮಾಗಿಯ ಚಳಿಗೆ ಅದು ಮರುದಿನಕ್ಕೆ ಗಟ್ಟಿಯಾಗುತ್ತಿತ್ತು.

ಹೂತ ಮೇಲೆ ಆ ಕೋಣೆಯಲ್ಲಿ ಜೋರಾಗಿ ಮಾತಾಡುವಂತಿರಲಿಲ್ಲ. “ಇದಕ್ಕ ಬೆಂಕಿ ತೋರಸಂಗಿಲ್ಲ. ತಾನ ಗಟ್ಟಿ ಆಗಬೇಕು. ಸುಮ್ಮಕ ಇರ್ರಿ,” ಎನ್ನುವರು. ಸಂಜೆ ಒಮ್ಮೆ ಮೊಣಕಾಲೂರಿ ಉಸುಕಿಗೆ ಕಿವಿ ಹಚ್ಚುತ್ತಿದ್ದರು. ಒಳಗೆ ಏನೋ ಸಣ್ಣಗೆ ಟಿಕ್ ಟಿಕ್ ಎನ್ನುತ್ತದಂತೆ. ಆ ಸದ್ದು ನಿಂತರೆ ಕೇಕು ಆಯಿತು ಎಂದು ಲೆಕ್ಕ. ಶಾಂತಾ ಒಮ್ಮೆ ತಾನೂ ಕಿವಿ ಹಚ್ಚಿ, “ಟೀಚರ್, ಒಳಗ ಯಾರೋ ಹಲ್ಲ ಕಡ್ಯಾಕತ್ಯಾರ್ರೀ,” ಎಂದು ಎಲ್ಲರನ್ನೂ ನಗಿಸಿದ್ದಳು.

ನಮ್ಮನ್ನು ಹೆದರಿಸುತ್ತಿದ್ದುದು ಕೇಕು ಕಡಿಯುವ ಹೊತ್ತು.

ಬ್ರೆಡ್ಡು ಕಡಿಯುವ ಹಾಗೆ ಅಡ್ಡಕ್ಕೆ ಕಡಿಯುತ್ತಿದ್ದರು, ಡಬ್ಬಿಯಷ್ಟನ್ನೂ ಒಂದೇ ಸಲಕ್ಕೆ. ಎಷ್ಟು ಮಂದಿಯೋ ಅಷ್ಟು ತುಂಡು. ಚಾಕುವಿನ ತುದಿಯಿಂದ ಮೊದಲು ಗೆರೆ ಎಳೆದು, ಬಿಸಿನೀರಿನಲ್ಲಿ ಅದ್ದಿ, ಒರೆಸಿ, ಒಂದೊಂದೇ ಕಡಿಯುವರು. ನಮ್ಮ ಕಡೆ ತಲೆಯೆತ್ತಿ ಕೂಡ ನೋಡುತ್ತಿರಲಿಲ್ಲ. ಎಷ್ಟು ಜನ ಇದ್ದೀರಿ ಎಂದು ಕೇಳುತ್ತಲೂ ಇರಲಿಲ್ಲ. ಆದರೂ ಲೆಕ್ಕ ತಪ್ಪುತ್ತಿರಲಿಲ್ಲ. ನಾವು ಎಂಟನೆಯ ಇಯತ್ತೆಯಲ್ಲಿದ್ದಾಗ ಒಂದು ತುಂಡು ಕಡಿಮೆ ಬಂತು. ಟೀಚರ್ ತಪ್ಪಿದ್ರು, ಟೀಚರ್ ತಪ್ಪಿದ್ರು ಎಂದು ನಾವು ಚಪ್ಪಾಳೆ ತಟ್ಟುವಷ್ಟರಲ್ಲಿ ವಾರ್ಡನ್ ಬಂದು, ಗಂಗಾವತಿಯ ಹುಡುಗಿಯನ್ನು ಅವಳ ಕಾಕಾ ಕರೆದುಕೊಂಡು ಹೋದರು, ಅಜ್ಜಿ ತೀರಿಕೊಂಡರಂತೆ ಎಂದು ಹೇಳಿದರು. ಒಂಬತ್ತನೆಯದರಲ್ಲಿ ಒಂದು ತುಂಡು ಹೆಚ್ಚು ಬಂತು. ಯಾರಿಗೆ ಅದು ಎಂದು ಕಿತ್ತಾಡುತ್ತಿದ್ದಾಗ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮದುವೆಯಾಗಿ ಹೋದವಳು, ಬಾಗಿಲಲ್ಲಿ ನಗುತ್ತಾ ನಿಂತಿದ್ದಳು. ಟೀಚರ್ ತಟ್ಟೆ ಅವಳತ್ತ ಚಾಚಿದರು. ಅಂದಿನಿಂದ ಹಾಸ್ಟೆಲ್ಲಿನಲ್ಲಿ ಒಂದು ಮಾತು ಹುಟ್ಟಿತು: ಟೀಚರ ಚಾಕುವಿಗೆ ಯಾರು ಇರುತ್ತಾರೆ, ಯಾರು ಇರುವುದಿಲ್ಲ ಗೊತ್ತು.

ಅವರು ಮಾತ್ರ ಎಂದೂ ತಿಂದದ್ದು ನೋಡಿಲ್ಲ. “ನೀವು ತಿನ್ನರವಾ. ನಾ ಚಮಚಾ ನೆಕ್ಕೀನಿ,” ಎನ್ನುವರು. ನಿಜಕ್ಕೂ ನೆಕ್ಕಿದ್ದರೋ ಇಲ್ಲವೋ.

ಹತ್ತನೆಯ ಇಯತ್ತೆಯ ಆ ವರ್ಷ ನಾವು ಹನ್ನೊಂದು ಮಂದಿ. ತಟ್ಟೆ ಸುತ್ತು ಬಂತು. ಕೊನೆಗೆ ಕುಳಿತವಳು ನಾನು. ನನ್ನ ಮುಂದೆ ಬಂದಾಗ ತಟ್ಟೆಯಲ್ಲಿ ಚಾಕಲೇಟಿನ ಕಂದು ಪುಡಿ ಮಾತ್ರ ಇತ್ತು.

ಎಲ್ಲರೂ ಸುಮ್ಮನಾದರು. ಹತ್ತು ಹುಡುಗಿಯರು ಬಾಯಿಯಲ್ಲಿದ್ದುದನ್ನು ಅಗಿಯುವುದನ್ನೂ ನಿಲ್ಲಿಸಿ ನನ್ನನ್ನೇ ನೋಡಿದರು. ಟೀಚರ್ ಚಾಕು ಹಿಡಿದು ನಿಂತಿದ್ದರು, ಅವರ ಮುಖ ನೀರಿನ ಹರವಿಯ ಹಾಗೆ ಬೆವರಿತ್ತು. ವಾರ್ಡನ್ ಬರುತ್ತಾರೇನೋ ಎಂದು ನಾನು ಬಾಗಿಲ ಕಡೆ ನೋಡಿದೆ. ಯಾರೂ ಬರಲಿಲ್ಲ.

ಶಾಂತಾ ತನ್ನ ತುಂಡನ್ನು ಕಟುಕ್ ಎಂದು ಮುರಿದು ಅರ್ಧ ನನ್ನ ಕೈಗಿಟ್ಟಳು. “ತಗೋಳಲೇ. ಸಾಯೂದಿದ್ರ ಇಬ್ರೂ ಅರ್ಧರ್ಧ ಸಾಯೋಣಂತ.”

ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಟೀಚರ್ ನಗಲಿಲ್ಲ. ನನ್ನ ಪಾಲಿನ ಅರ್ಧದಲ್ಲಿ ಎರಡು ಒಣದ್ರಾಕ್ಷಿ ಇದ್ದವು, ಇವತ್ತಿಗೂ ನೆನಪಿದೆ.

ರಜೆ ಮುಗಿಸಿ ಜನವರಿಯಲ್ಲಿ ಬಂದಾಗ ಪಕ್ಕದ ಹಾಸಿಗೆ ಸುತ್ತಿ ಇಟ್ಟಿದ್ದರು. ಶಾಂತಾ ಮರಳಿಯಲ್ಲಿ ಬಟ್ಟೆ ಒಗೆಯಲು ಕಾಲುವೆಗೆ ಹೋಗಿದ್ದಳಂತೆ. ಮೆಟ್ಟಿಲು ಪಾಚಿಗಟ್ಟಿತ್ತಂತೆ. ಒಗೆದ ಬಟ್ಟೆ ಹಿಂಡಿ ಇಟ್ಟಿದ್ದಳಂತೆ. ಮೇಲಿನ ಮೆಟ್ಟಿಲ ಮೇಲೆ ಅವಳ ಚಪ್ಪಲಿಗಳು ನೀರಿನ ಕಡೆ ಮುಖ ಮಾಡಿ ಜೋಡಿಯಾಗಿ ಇದ್ದವಂತೆ. ಗದ್ದೆಗೆ ನೀರು ಬಿಟ್ಟ ದಿನಗಳು, ಕಾಲುವೆ ತುಂಬಿ ಹರಿಯುತ್ತಿತ್ತು.

ಆಮೇಲೆ ಟೀಚರು ಆ ಕೇಕು ಮಾಡಿಸಲಿಲ್ಲ. ಇನ್ನೊಂದು ಬದಲಾವಣೆ ನಮಗೆ ತಡವಾಗಿ ತಿಳಿಯಿತು. ಮೊದಲು ಅವರು ಬರುವಾಗ ವರಾಂಡದಲ್ಲಿ ಚಪ್ಪಲಿಯ ಸಪ್ಪಳ ಕೇಳಿ ನಾವು ಮಾತು ನಿಲ್ಲಿಸುತ್ತಿದ್ದೆವು. ಜನವರಿಯಿಂದ ಸಪ್ಪಳವಿಲ್ಲ. ಹೊಲಿಯುತ್ತಾ ತಲೆಯೆತ್ತಿದರೆ ಬೆನ್ನ ಹಿಂದೆ ನಿಂತಿರುವರು, ಎಷ್ಟು ಹೊತ್ತಿನಿಂದ ಎಂದು ಹೇಳಲಾಗುತ್ತಿರಲಿಲ್ಲ. ಹುಡುಗಿಯರು ಕಿರುಚಿದ್ದೂ ಉಂಟು. ಕೊಪ್ಪಳದ ಏಪ್ರಿಲ್ಲಿನಲ್ಲಿ, ಬಂಡೆಗಳೆಲ್ಲ ಹಂಚಿನ ಹಾಗೆ ಕಾದಿರುವಾಗ, ಆಕೆ ಬರಿಗಾಲಿನಲ್ಲಿ ಮೈದಾನ ದಾಟಿ ಬರುವುದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಓಡುತ್ತಿರಲಿಲ್ಲ. ನಿಧಾನವಾಗಿ ನಡೆಯುತ್ತಿದ್ದರು.

ನಾನು ಪಾಸಾದೆ, ಕಾಲೇಜು ಮುಗಿಸಿದೆ, ಇದೇ ಊರಿಗೆ ಸೊಸೆಯಾಗಿ ಬಂದೆ, ಮಗಳು ಹುಟ್ಟಿದಳು. ಯಾರಿಗೂ ಹೇಳದ ಒಂದು ಅಭ್ಯಾಸ ನನ್ನ ಜೊತೆ ಉಳಿಯಿತು. ಊಟಕ್ಕೆ ತಟ್ಟೆ ಹಾಕುವಾಗ, ಹೋಳಿಗೆ ಹಂಚುವಾಗ, ಮನಸ್ಸಿನಲ್ಲಿ ಎರಡೆರಡು ಸಲ ಎಣಿಸುತ್ತೇನೆ. ಕಡಿಮೆ ಬಂದರೆ ಎದೆ ಧಸಕ್ಕೆನ್ನುತ್ತದೆ. ಆ ದಿನ ಪಾಲಿಲ್ಲದವಳು ನಾನು, ಹೋದವಳು ಶಾಂತಾ. ಅವಳದ್ದರಲ್ಲಿ ಅರ್ಧ ತಿಂದು ನಾನು ಬದುಕಿದ್ದೇನೆ ಎಂಬುದು ಹೆರಿಗೆಯ ಹೊತ್ತಿನಲ್ಲೂ ನೆನಪಾಗಿತ್ತು.

ಎರಡು ತಿಂಗಳ ಹಿಂದೆ ಕುಷ್ಟಗಿಯಲ್ಲಿ ಒಂದು ಮದುವೆ. ಮುಗಿಸಿಕೊಂಡು ಕೇಳುತ್ತಾ ಕೇಳುತ್ತಾ ಟೀಚರ ತಂಗಿಯ ಮಗಳ ಮನೆಗೆ ಹೋದೆ. ದಾಳಿಂಬೆ ತೋಟದ ಪಕ್ಕದ ಮನೆ. ಟೀಚರ್ ಪಡಸಾಲೆಯಲ್ಲಿ ಗೋಡೆಗೆ ಒರಗಿ ದಿಂಬಿನ ಚೀಲಕ್ಕೆ ಅಂಚು ಹೊಲಿಯುತ್ತಿದ್ದರು. ಒಣಗಿ ಸಣ್ಣಗಾಗಿದ್ದರು. ಕಾಲು ಚಾಚಿದ್ದರು, ಹಿಮ್ಮಡಿಯ ಬಿರುಕುಗಳಲ್ಲಿ ಮಣ್ಣು ತುಂಬಿ ಕರಿಗೆರೆಗಳಾಗಿದ್ದವು. ನಾನು ಒಳಗೆ ಬಂದರೆ ಅವರು ನನ್ನ ಮುಖ ನೋಡಲಿಲ್ಲ. ನನ್ನ ಹಿಂದೆ, ಬಾಗಿಲ ಕಡೆ ನೋಡಿದರು.

“ಒಂದ ಜೋಡಿ. ಒಬ್ಬಾಕಿನ ಬಂದಿ,” ಎಂದರು. ಆಮೇಲೆ, “ಯಲಬುರ್ಗಾದಾಕಿ.”

ಚಹಾ ಆಯಿತು. ಮಗಳ ಓದು, ಅತ್ತೆಯ ಮಂಡಿನೋವು ಎಲ್ಲ ಕೇಳಿದರು. ತಂಗಿಯ ಮಗಳು ದಾಳಿಂಬೆ ಬಿಡಿಸಲು ಒಳಗೆ ಹೋದಾಗ ಸೂಜಿಯನ್ನು ಭುಜಕ್ಕೆ ಚುಚ್ಚಿಕೊಂಡು, “ಆ ದಿನ ಬಾಗಿಲದಾಗ ನಿನ್ನ ಚಪ್ಲಿ ಇರಲಿಲ್ಲ. ಯಾಕ?” ಎಂದು ಕೇಳಿದರು.

ಯಾವ ದಿನ ಎಂದು ನಾನು ಕೇಳಲಿಲ್ಲ. ನನಗೂ ಆಗಲೇ ನೆನಪಾಯಿತು. ಬೆಳಿಗ್ಗೆ ಪ್ರಾರ್ಥನೆಗೆ ಓಡುವಾಗ ರಬ್ಬರ್ ಚಪ್ಪಲಿಯ ಬಾರು ಕಿತ್ತುಹೋಗಿ, ಗೇಟಿನ ಹತ್ತಿರ ಹೊಲಿಯಲು ಕೊಟ್ಟು, ಬರಿಗಾಲಿನಲ್ಲಿ ಕೇಕು ಕಡಿಯುವ ಕೋಣೆಗೆ ಬಂದಿದ್ದೆ.

“ಹರದಿತ್ತು ಟೀಚರ್.”

“ಹರದಿತ್ತು,” ಎಂದು ಅವರೂ ಹೇಳಿದರು. ದಿಂಬಿನ ಚೀಲ ಪಕ್ಕಕ್ಕಿಟ್ಟರು. “ನಾ ಯಾವ ಶಕುನಾ ನೋಡತಿದ್ದಿಲ್ಲವಾ. ಒಳಗ ಬರೂಮುಂದ ಬಾಗಿಲದಾಗ ಚಪ್ಲಿ ಎಣಿಸಿ ಬರತಿದ್ದೆ. ಹತ್ತ ಜೋಡಿ ಅದಾವ ಅಂದ್ರ ಹತ್ತ ತುಂಡು. ಆ ಗಂಗಾವತಿ ಹುಡಿಗಿ ಮೊದಲ ಚಪ್ಲಿ ಮೆಟ್ಕೊಂಡು ಆಫೀಸಿಗೆ ಹೋಗಿದ್ಲು. ಇನ್ನ ಆ ಮದವಿ ಆದಾಕಿ, ಬಾಗಿಲದಾಗ ಚಪ್ಲಿ ಬಿಟ್ಟು ಸಿಸ್ಟರ್ ಕೂಡ ಮಾತಾಡಕೋಂತ ನಿಂತಿದ್ಲು. ಅಷ್ಟ ಸುದ್ದಿ.”

“ಮತ್ತ ಯಾಕ ಹೇಳಲಿಲ್ಲರಿ ಟೀಚರ್?”

“ಮೊದಲಿಗೆ, ನೀವು ಹೆದರೂದು ನನಗ ಛಲೋ ಅನಸ್ತಿತ್ತು. ಫೋಟೋದಾಗ ಕುರ್ಚಿ ಕೊಡದಾಕಿನ್ನ ಮಕ್ಕಳರ ಎಣಿಕ್ಯಾಗ ಹಿಡದ್ರಲ್ಲ ಅಂತ.” ನಕ್ಕರು, ನಗೆ ಅಲ್ಲೇ ನಿಂತಿತು. “ಆಮ್ಯಾಲ ಹೇಳೂ ಹಂಗ ಉಳೀಲಿಲ್ಲ. ಆಕಿ ಚಪ್ಲಿ ಕಾಲುವಿ ಮ್ಯಾಲ ಇದ್ದುವು ಅಂತ ಕೇಳಿದ ಮ್ಯಾಲ, ನನ್ನ ಚಪ್ಲಿ ಕಾಲಿಗೆ ಹಾಕ್ಕೊಳ್ಳಾಕ ಆಗಲಿಲ್ಲ ನೋಡು. ಇವತ್ತಿಗೂ ಆಗಿಲ್ಲ.”

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಮೂವತ್ತು ವರ್ಷ ನಾನು ಹೊತ್ತದ್ದು ಒಂದು ಹರಿದ ಬಾರು.

ಅವರು ನನ್ನ ಮುಂಗೈ ಹಿಡಿದರು. ಬೆರಳು ತಣ್ಣಗಿದ್ದವು, ಉಸುಕಿನಿಂದ ಈಗ ತೆಗೆದಂತೆ. “ಡಬ್ಬಿ ನಿನಗ ಕಳಸ್ತೀನಿ. ಒಮ್ಮೆ ಮಾಡು. ಚಪ್ಲಿ ನೋಡಬ್ಯಾಡ. ಕುಂತೋರ ಮಾರಿ ನೋಡಿ ಕಡಿ, ಒಬ್ಬರನ್ನೂ ಬಿಡಬ್ಯಾಡ. ಎಲ್ಲಾರಿಗೂ ಮುಟ್ಟಿದ್ರ ಆ ಸುದ್ದಿ ಅಲ್ಲಿಗೆ ಮುಗೀತು. ನಿನಗೂ ಮುಗೀತು, ನನಗೂ ಮುಗೀತು. ಆಣಿ ಮಾಡು.”

ಮಾಡಿದೆ.

ಡಬ್ಬಿ ಬಂದ ಮರುದಿನ, ಶನಿವಾರ, ಅವರು ಕಲಿಸಿದ ಹಾಗೇ ಕೇಕು ಮಾಡಿದೆ. ಬಿಸ್ಕಿಟು ಕೈಯಿಂದ ಮುರಿದೆ. ಪಾಕ ಬೆಲ್ಲದ್ದೇ. ಅಂಗೈಯಿಂದ ಒತ್ತುವಾಗ ಡಬ್ಬಿಯ ತಳ ಒಳಗಿನಿಂದ ಮೇಲಕ್ಕೆ ಒತ್ತಿದಂತಾಯಿತು. ಹಳೆಯ ತಗಡು, ಬಾಗುತ್ತದೆ. ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದ ಮೇಲೆ ತಡೆಯಲಾರದೆ ಕಿವಿ ಹಚ್ಚಿದೆ. ಫ್ರಿಜ್ಜು ಗುಯ್ ಎನ್ನುತ್ತಿತ್ತು. ಅದರ ಹಿಂದೆ ಇನ್ನೇನೋ ಟಿಕ್ ಎಂದಿತು.

“ಅವ್ವಾ, ಫ್ರಿಜ್ ಜೋಡಿ ಏನ ಗುಟ್ಟು?” ಎಂದು ಮಗಳು ನಕ್ಕಳು.

ಭಾನುವಾರ ಮಧ್ಯಾಹ್ನ ಅತ್ತೆಯವರು ಜಪಮಾಲೆ ಹಿಡಿದು ಪಡಸಾಲೆಯಲ್ಲಿ ಕುಳಿತಿದ್ದರು. ಇದ್ದಕ್ಕಿದ್ದಂತೆ, “ಬಾಗಿಲದಾಗ ಯಾರ ಬಂದಾರ ನೋಡವಾ,” ಎಂದರು. ಹೋಗಿ ನೋಡಿದೆ. ಓಣಿಯಲ್ಲಿ ಬಿಸಿಲು ಬಿಟ್ಟರೆ ಏನೂ ಇಲ್ಲ. “ಸಪ್ಪಳ ಕೇಳಿಸ್ತೇನ್ರಿ ಅತ್ತಿ?” ಎಂದೆ. “ಸಪ್ಪಳಾ ಇಲ್ಲ ಏನಿಲ್ಲ. ನಿಂತಂಗ ಅನಸ್ತು,” ಎಂದು ಮಣಿ ಜಾರಿಸಿದರು. ಅರ್ಧ ತಾಸಿನ ಮೇಲೆ ಮತ್ತೆ ಅದೇ ಮಾತು. ಎರಡನೆಯ ಸಲ ನಾನು ಎದ್ದು ಹೋಗಲಿಲ್ಲ. “ಒಳಗ ಬರ್ರಿ,” ಎಂದು ಕೂತಲ್ಲಿಂದಲೇ ಹೇಳಿದೆ. ಯಾಕೆ ಹೇಳಿದೆನೋ. ಅತ್ತೆ ನನ್ನನ್ನು ಒಂದು ಥರಾ ನೋಡಿದರು.

ಸಂಜೆ ಎಲ್ಲರೂ ಕೂಡಿದರು. ಕೂಡುವ ಹಾಗೆ ನಾನೇ ಮಾಡಿದ್ದೆ. ಮಗಳ ಇಬ್ಬರು ಗೆಳತಿಯರನ್ನು ಕರೆಸಿದ್ದೆ. ಯಜಮಾನರ ಆಫೀಸಿನವರೊಬ್ಬರು ಯಾವುದೋ ಕಾಗದಕ್ಕೆ ಬಂದವರು ಕುಳಿತರು. ಎದುರುಮನೆಯ ಅಕ್ಕ ಅರ್ಧ ಬಾಗಿಲಿನಿಂದ ಇಣುಕಿ, “ಏನ ಘಮಾ ಬಿಟ್ಟೈತ್ರಿ ನಿಮ್ಮನ್ಯಾಗ?” ಎನ್ನುತ್ತಾ ಒಳಗೆ ಬಂದರು.

ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿ ತಟ್ಟಿದೆ. ಕಪ್ಪು ಕಲ್ಲಿನ ಕಂಬದಂತೆ ಅದು ಇಡಿಯಾಗಿ ಬಂತು. ಚಾಕು ಬಿಸಿನೀರಿಗೆ ಅದ್ದಿ, ಒರೆಸಿ, ತಲೆಯೆತ್ತಿದೆ. ಬಾಗಿಲ ಕಡೆ ನೋಡದಂತೆ ಬೆನ್ನು ಆ ಕಡೆಗೆ ಮಾಡಿ ನಿಂತಿದ್ದೆ. ಒಬ್ಬೊಬ್ಬರದೇ ಮುಖ ನೋಡಿದೆ. ಅತ್ತೆ. ಯಜಮಾನರು. ಮಗಳು. ಉದ್ದ ಜಡೆಯ ಗೆಳತಿ. ಕನ್ನಡಕದ ಗೆಳತಿ. ಆಫೀಸಿನವರು. ಎದುರುಮನೆಯ ಅಕ್ಕ. ಪ್ರತಿ ಮುಖಕ್ಕೊಂದು ಗೆರೆ ಎಳೆದೆ, ಕಡಿದೆ. ಬೆನ್ನ ಹಿಂದೆ ಯಾರೋ ನಿಂತು ನನ್ನ ಕೈ ನೋಡುತ್ತಿದ್ದಾರೆ ಎನಿಸಿತು. ಹಳೆಯ ಅಭ್ಯಾಸದ ಹಾಗೆ, ತಿರುಗಲಿಲ್ಲ.

ಏಳು ತುಂಡು. ತಟ್ಟೆ ಸುತ್ತು ಬಂತು. ಏಳು ಜನರ ಕೈಗೂ ಮುಟ್ಟಿತು. ಯಾರೂ ಸುಮ್ಮನಾಗಲಿಲ್ಲ.

“ಹಲ್ಲಿಗೆ ಕಟುಕ್ ಅಂತೈತಲ್ಲವಾ,” ಎಂದರು ಅತ್ತೆ, ಉಳಿದಿರುವ ನಾಲ್ಕು ಹಲ್ಲಿನ ಹೆಮ್ಮೆಯಿಂದ.

“ಬಯಲಾಗ ಒಣಾ ಹಾಕೋ ಹಪ್ಪಳಾ ಸಂಡಿಗಿ ಬಿಟ್ಟು, ಫ್ರಿಜ್ಜಿನ್ಯಾಗ ಒಣಾ ಹಾಕೋದ ಕಲಿತ್ರಿ ಅನ್ರಿ,” ಎಂದರು ಎದುರುಮನೆಯ ಅಕ್ಕ. ಎಲ್ಲರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮುಗೀತು ಟೀಚರ್, ಎಲ್ಲರಿಗೂ ಮುಟ್ಟಿತು, ಎಂದು ಮನಸ್ಸಿನಲ್ಲೇ ಹೇಳಿದೆ. ಶಾಂತಾಗೂ ಹೇಳಿದೆ. ಎಷ್ಟೋ ವರ್ಷಗಳ ನಂತರ ಎದೆ ಹಗುರಾಗಿತ್ತು, ಹಸಿವೆಯೂ ಆಗಿತ್ತು.

ಹೊರಗೆ ಬಂದಾಗ ಮಗಳು ಖಾಲಿ ತಟ್ಟೆ ಎತ್ತಿ ಹಿಡಿದಿದ್ದಳು. ಅದರಲ್ಲಿ ಕಂದು ಪುಡಿ ಮಾತ್ರ ಇತ್ತು. “ಅವ್ವಾ, ನಿಂದೆಲ್ಲಿ?”

“ನೀವು ತಿನ್ನರವಾ. ನಾ ಚಮಚಾ ನೆಕ್ಕೀನಿ,” ಎಂದೆ.

ಮಾತು ಬಾಯಿಂದ ಹೊರಬಿದ್ದ ಮೇಲೆ ಅದು ಯಾರ ಮಾತೆಂದು ಗೊತ್ತಾಯಿತು. ಮಗಳು ತನ್ನ ತುಂಡಿನಲ್ಲಿ ಉಳಿದಿದ್ದುದನ್ನು ಎರಡು ಮಾಡಲು ಬೆರಳು ಹಾಕಿದಳು. ನಾನು ಅವಳ ಕೈಯನ್ನು ಎಷ್ಟು ಜೋರಾಗಿ ಹಿಡಿದೆನೆಂದರೆ ಅವಳು ಹೌಹಾರಿ, “ಏನಾತವಾ?” ಎಂದಳು.

“ಏನಿಲ್ಲ. ನೀನ ಪೂರಾ ತಿನ್ನು. ಅರ್ಧಾ ಮಾಡಬ್ಯಾಡ. ನನ್ನ ಮುಂದ ತಿನ್ನು.”

ಅವಳು ತಿಂದು ಮುಗಿಸುವ ತನಕ ಎದುರಿಗೇ ನಿಂತಿದ್ದೆ. ನಾನು ಹೇಳಿದ್ದು ಸುಳ್ಳೇನಲ್ಲ. ಮನೆಯಲ್ಲಿ ಬಡಿಸುವವಳು ತನ್ನನ್ನು ಎಣಿಸಿಕೊಳ್ಳುವುದು ಮರೆಯುತ್ತಾಳೆ, ಅದಕ್ಕೆ ಶಕುನ ಬೇಕಾಗಿಲ್ಲ. ಕುಳಿತವರ ಮುಖ ನೋಡಿ ಕಡಿದೆ, ನನ್ನ ಮುಖ ನನಗೆ ಕಾಣುವುದಿಲ್ಲ, ಅಷ್ಟೇ. ಹಾಗೆ ಹೇಳಿಕೊಳ್ಳುತ್ತಾ ಗೆಳತಿಯರನ್ನು ಕಳಿಸಿದೆ, ಆಫೀಸಿನವರನ್ನು ಕಳಿಸಿದೆ.

ಎದುರುಮನೆಯ ಅಕ್ಕ ಕೊನೆಗೆ ಎದ್ದರು. ಬಾಗಿಲಲ್ಲಿ ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಬೆರಳಿನಿಂದ ಹುಡುಕುತ್ತಾ, ನನ್ನ ಕಡೆ ತಿರುಗದೆಯೇ ಹೇಳಿದರು:

“ಅಲ್ರೀ ಅಕ್ಕಾರ, ನಾ ಬರೂಮುಂದ ಎಲ್ಲಾರ ಚಪ್ಲಿ ಇದ್ದುವು, ನಿಮ್ಮುವ ಕಾಣಲಿಲ್ಲಲ್ಲ. ನೀವ ಇಲ್ಲ ಅಂತ ತಿಳದು, ನಾ ಬಾಗಿಲತನಕಾ ಬಂದು ವಾಪಸ್ ಹೊಂಟಿದ್ದೆ ನೋಡ್ರಿ.”